ಆಲ್ಟರ್

ನಲವತ್ತಮೂರು ಇಂಚು. ಹನ್ನೆರಡು ಕಂತು.
ಆಟೋದಲ್ಲಿ ತೊಡೆಗೆ ಅಡ್ಡ ಹಾಕಿಕೊಂಡು
ಎರಡು ಮೂಲೆ ಎರಡು ಕಡೆ ಹೊರಗೆ ಚಾಚಿ
ಲಗ್ಗೆರೆ ಸೇತುವೆ ದಾಟಿಸಿ ತಂದೆವು.
ಥರ್ಮಾಕೋಲ್ ಪುಡಿ ಇನ್ನೂ ಚಾಪೆ ಬಿಟ್ಟಿಲ್ಲ.

ಮೊದಲ ರಾತ್ರಿಯೇ ಕಂಡಿತು.
ಬಲಗಡೆ, ಮೇಲಿನಿಂದ ಒಂದು ಗೇಣು ಕೆಳಗೆ,
ಹಸಿರು.
ಸಾಸಿವೆಯನ್ನು ಎಂಟು ಪಾಲು ಮಾಡಿದರೆ ಒಂದು ಪಾಲು.
ವಾರ್ತೆ ಓದುವವಳ ಕಿವಿ ಮೇಲೂ ಅದೇ,
ಧಾರಾವಾಹಿಯ ಸತ್ತ ಮಾವನ ಹಣೆ ಮೇಲೂ ಅದೇ.
ಚಿತ್ರ ಓಡುತ್ತೆ, ಅದು ಓಡಲ್ಲ.

"ಎಲ್ಲೇ?" ಅಂದರು ಇವರು, ಕನ್ನಡಕ ಹುಡುಕಿ.
"ಧೂಳು" ಅಂತ ಬನಿಯನ್ ತುದಿಯಲ್ಲಿ ಒರೆಸಿದರು.
ಅತ್ತೆ ಬಾಗಿಲಾಚೆಯ ಕಲ್ಲಿನ ಮೇಲಿಂದಲೇ ತೀರ್ಪು ಕೊಟ್ಟರು:
ಇರಲಿ ಬಿಡು, ದೃಷ್ಟಿಬೊಟ್ಟು.
ದೃಷ್ಟಿಬೊಟ್ಟು ಕಪ್ಪಗಿರುತ್ತೆ ಅತ್ತೆ,
ನಾವೇ ಇಡ್ತೀವಿ,
ಅಂಗಡಿಯವನು ಇಟ್ಟು ಕಳಿಸಲ್ಲ.

ನನ್ನ ಕಣ್ಣಿಗೆ ಸಂಬಳ ಬರುತ್ತೆ.
ಪೀಣ್ಯದಲ್ಲಿ, ಎರಡನೇ ಮಹಡಿ, ಟ್ಯೂಬ್‌ಲೈಟ್ ಕೆಳಗೆ
ಗಂಟೆಗೆ ಅರವತ್ತು ಷರ್ಟು.
ಕಾಲರ್, ಕಫ್, ಸೈಡ್ ಸೀಮ್, ಅಂಚು,
ಬಿಟ್ಟ ಹೊಲಿಗೆ, ಎಣ್ಣೆ ಕಲೆ, ಜಾತಿ ಸೇರದ ಗುಂಡಿ.
ತಪ್ಪು ಕಂಡಲ್ಲಿ ಕೆಂಪು ಬಾಣದ ಸ್ಟಿಕರ್.
ಬಾಣ ಬಿದ್ದದ್ದು ಆಲ್ಟರ್ ಬುಟ್ಟಿಗೆ.
ಹನ್ನೊಂದು ವರ್ಷ.
ಈಗ ಮದುವೆಮನೆಗೆ ಹೋದರೂ ಮೊದಲು ಕಾಣೋದು
ಮದುಮಗನ ಎಡ ಜೇಬು ಎರಡು ನೂಲು ಇಳಿದದ್ದು.

ಅಂಗಡಿಯ ಹುಡುಗ ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದ:
ಮೂರು ಚುಕ್ಕಿವರೆಗೆ ಡಿಫೆಕ್ಟ್ ಅಲ್ಲ ಮೇಡಂ, ಕಂಪನಿ ರೂಲು.
ಹಾಗಾದರೆ ಇನ್ನು ಮೂರು ಹುಟ್ಟಲಿ ಅಂತ ಕಾಯಲಾ?
ಅವನು ನಕ್ಕ.
ಕಂತಿಗೆ ಮಾತ್ರ ಇಂಥ ರೂಲಿಲ್ಲ,
ಮೂರು ರೂಪಾಯಿ ಕಮ್ಮಿಯಾದರೂ ಫೋನು ಬರುತ್ತೆ.

ಭಾನುವಾರ ಮುಬಾರಕ್ ಬಂದ, ಸರ್ವೀಸಿನವನು.
ಚಪ್ಪಲಿ ಬಿಟ್ಟು, ಪೆನ್‌ಡ್ರೈವ್ ಸಿಕ್ಕಿಸಿ
ಕೆಂಪು ಹಸಿರು ನೀಲಿ ಕೆಂಪು ಹಸಿರು ನೀಲಿ
ಗೋಡೆ, ಪಾತ್ರೆ ಸ್ಟ್ಯಾಂಡು, ಅತ್ತೆಯ ಬಿಳಿ ಜಡೆ
ಎಲ್ಲ ಗಣೇಶನ ಆರ್ಕೆಸ್ಟ್ರಾ ಸ್ಟೇಜು.
ಪಕ್ಕದ ಮನೆ ಮಕ್ಕಳು ಬಾಗಿಲಲ್ಲೇ ಕುಣಿದರು.
"ಒಂದು ಗಂಟೆ ಬಿಡಬೇಕು ಅಕ್ಕ.
ಸತ್ತಿದ್ರೆ ಕಪ್ಪಗಿರ್ತಿತ್ತು. ಇದು ಬದುಕಿದೆ,
ಬರೀ ಒಂದೇ ಬಣ್ಣದಲ್ಲಿ ನಿಂತುಬಿಟ್ಟಿದೆ."
ಟೀ ಕುಡಿದ. ಬೆರಳಿಗೆ ಮೆತ್ತನೆ ಬಟ್ಟೆ ಸುತ್ತಿ
ಜ್ವರದ ಕೂಸಿನ ನೆತ್ತಿ ಮುಟ್ಟಿದ ಹಾಗೆ ಒತ್ತಿದ.
ಒಂದು ಸಲ ಕಣ್ಣು ಮಿಟುಕಿತು.
ಆಮೇಲೆ ಅದೇ ಹಸಿರು.
ಸಾರಿ ಅಂದ, ತಾನೇ ಮಾಡಿದ ತಪ್ಪಿನ ಹಾಗೆ.
ಐದು ಸ್ಟಾರ್ ಕೊಡಿ ಅಕ್ಕ ಅಂದ.
ಕೊಟ್ಟೆ.

ರಾತ್ರಿ ಎಲ್ಲ ಮಲಗಿದ ಮೇಲೆ
ಸದ್ದು ತೆಗೆದು ಹತ್ತಿರ ಹೋಗಿ ಕೂತೆ.
ಇದನ್ನೂ ಯಾರೋ ನೋಡಿಯೇ ಕಳಿಸಿರಬೇಕು.
ಯಾವ ಊರೋ, ಅವಳ ಮಾತು ಯಾವುದೋ,
ಅವಳಿಗೂ ಗಂಟೆಗೆ ಇಷ್ಟು ಅಂತ ಇರುತ್ತೆ,
ಬೆನ್ನ ಹಿಂದೆ ಒಬ್ಬ ಶಿವಲಿಂಗಯ್ಯ ಇರ್ತಾನೆ
ಬಾತ್‌ರೂಮಿನ ಟೋಕನ್ನು ಬೆರಳಲ್ಲಿ ತಿರುಗಿಸುತ್ತ.
ಕಂಡಿರಬಹುದು. ಕಂಡೂ ಬಿಟ್ಟಿರಬಹುದು.
ಕಳೆದ ಆಷಾಢ, ಮಗಳಿಗೆ ಟೈಫಾಯ್ಡ್ ಬಂದ ವಾರ,
ನಾನೂ ಬಿಟ್ಟಿದ್ದೆ. ಒಂದು ಬಿಳಿ ಅಂಗಿ,
ಮೂರನೇ ಗುಂಡಿಯ ಬಳಿ ಚುಕ್ಕಿಯಷ್ಟು ಎಣ್ಣೆ.
ಬಾಣ ಬೆರಳಲ್ಲೇ ಇತ್ತು, ಲಾರಿ ಗೇಟಲ್ಲಿತ್ತು.
ಅದು ಈಗ ಯಾವ ದೇಶದಲ್ಲಿ
ಯಾರ ಎದೆ ಮೇಲೆ ಕೂತಿದೆಯೋ,
ಯಾವಳು ಸೋಪು ಹಾಕಿ ಹಾಕಿ
ಯಾರನ್ನು ಬೈತಿದ್ದಾಳೋ.

ಪರ್ಸಿನ ಒಳಜೇಬಲ್ಲಿ ಒಂದು ಸ್ಟಿಕರ್ ಸಿಕ್ಕಿತು,
ಸುಕ್ಕಾಗಿತ್ತು, ಅಂಟು ಹೋಗಿರಲಿಲ್ಲ.
ಹಚ್ಚಿದೆ. ಬಾಣದ ಮೂತಿ ಸರಿಯಾಗಿ ಹಸಿರಿಗೆ.

ಬೆಳಿಗ್ಗೆ ತನುಜಾ ಹಲ್ಲುಜ್ಜುತ್ತಲೇ ಕೇಳಿದಳು:
ಅಮ್ಮ, ಇದನ್ನ ಯಾವ ಬುಟ್ಟಿಗೆ ಹಾಕ್ತಾರೆ?
ಹೇಳುವಷ್ಟರಲ್ಲಿ ನಲ್ಲಿ ಗೊರಗೊರ ಅಂದಿತು,
ಕೊಡ ಎತ್ತಿಕೊಂಡು ಓಡಿದೆ.
ಸೊಂಟದಲ್ಲಿ ಫೋನು ಟಿಂಗ್ ಅಂತು. ಐದನೇ ತಾರೀಖು.
ಮೊದಲ ಕಂತು, ಪೂರ್ತಿ.